ಮುಚ್ಚಿದ ಪುಸ್ತಕದಂಗಡಿಗೂ ಒಂದು ವಿಳಾಸವಿರಲಿ

ಕಳೆದ ವರ್ಷ ಬೆಂಗಳೂರಿನ ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಹಳೆಯ ಕಾದಂಬರಿಯೊಂದನ್ನು ಕೊಂಡೆ. ಮುಖಪುಟ ಎಂದೋ ಕಿತ್ತುಹೋಗಿತ್ತು. ಅದರ ಜಾಗದಲ್ಲಿ ಕಂದು ರಟ್ಟು ಇಟ್ಟು ದಪ್ಪ ದಾರದಿಂದ ಹೊಲಿದಿದ್ದರು. ಮೊದಲ ಪುಟದಲ್ಲಿ, ನಡುವೆ ಎಲ್ಲೋ ಒಂದು ಪುಟದಲ್ಲಿ, ಮತ್ತೆ ಕೊನೆಯ ಪುಟದಲ್ಲಿ ಬಾಡಿಗೆಗೆ ಪುಸ್ತಕ ಕೊಡುತ್ತಿದ್ದ ತುಮಕೂರಿನ ಸರ್ಕ್ಯುಲೇಟಿಂಗ್ ಲೈಬ್ರರಿಯೊಂದರ ನೇರಳೆ ಬಣ್ಣದ ಸೀಲು ಬಿದ್ದಿತ್ತು. ಹಿಂಬದಿಯ ರಟ್ಟಿಗೆ ಅಂಟಿಸಿದ್ದ ಚೀಟಿಯಲ್ಲಿ ಪುಸ್ತಕ ಹಿಂದಿರುಗಿಸಬೇಕಾದ ತಾರೀಖುಗಳನ್ನು ಒಂದರ ಕೆಳಗೊಂದರಂತೆ ಒತ್ತಿದ್ದರು. ಮೊದಮೊದಲು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಕಡೆಕಡೆಗೆ ಇನ್ನೂ ವಿರಳ. ಕೊನೆಯ ತಾರೀಖು 1998ರ ಆಗಸ್ಟ್ ತಿಂಗಳದು. ಅದರ ಕೆಳಗೆ ಅರ್ಧ ಚೀಟಿ ಖಾಲಿ ಉಳಿದಿತ್ತು.

ಸೀಲಿನಲ್ಲಿದ್ದ ಬೀದಿಯಲ್ಲಿ ಆ ಲೈಬ್ರರಿ ಎಲ್ಲಿತ್ತು, ಎಂದು ಮುಚ್ಚಿತು, ಅದರ ಪುಸ್ತಕಗಳು ಎಲ್ಲೆಲ್ಲಿಗೆ ಹೋದವು ಎಂದು ತಿಳಿಯುವ ಆಸೆಯಿಂದ ಅಂತರ್ಜಾಲದಲ್ಲಿ ಹುಡುಕಿದೆ. ನಕ್ಷೆಗಳಲ್ಲಿ, ವ್ಯಾಪಾರಿ ಡೈರೆಕ್ಟರಿಗಳಲ್ಲಿ, ಗ್ರಂಥಾಲಯಗಳ ಪಟ್ಟಿಗಳಲ್ಲಿ ಅದರ ಹೆಸರಿಲ್ಲ. ಊರಿನ ಎಷ್ಟೋ ಮನೆಗಳಿಗೆ ವರ್ಷಗಟ್ಟಲೆ ಓದು ಒದಗಿಸಿದ ಜಾಗಕ್ಕೆ ಸಾಕ್ಷಿಯಾಗಿ ನನ್ನ ಕೈಯಲ್ಲಿರುವುದು ಮೂರು ಸೀಲು ಮತ್ತು ಒಂದು ಚೀಟಿ ಮಾತ್ರ.

ಪುಸ್ತಕದಂಗಡಿಗಳೂ ಗ್ರಂಥಾಲಯಗಳೂ ಮುಚ್ಚುತ್ತಿರುವ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ, ಸಾಕಷ್ಟು ಮರುಗಿದ್ದೇವೆ. ಮುಚ್ಚಿದ ಮೇಲೆ ಅವುಗಳ ದಾಖಲೆಗೆ ಏನಾಗುತ್ತದೆ ಎಂಬುದನ್ನು ಅಷ್ಟಾಗಿ ವಿಚಾರಿಸಿಲ್ಲ. ಇಂದು ಅಂಗಡಿಯೊಂದು ಇದೆ ಎಂಬುದನ್ನು ನಾವು ತಿಳಿಯುವುದೇ ಆನ್‌ಲೈನ್ ಡೈರೆಕ್ಟರಿಗಳ ಮೂಲಕವಾದ್ದರಿಂದ, ಅದು ಇತ್ತು ಎಂಬುದು ಮುಂದಿನವರಿಗೆ ತಿಳಿಯುವುದೋ ಇಲ್ಲವೋ ಎನ್ನುವುದೂ ಆ ಡೈರೆಕ್ಟರಿಗಳ ಕೈಯಲ್ಲೇ ಇದೆ. ಬಾಗಿಲು ಹಾಕಿದ ಅಂಗಡಿಯ ನಮೂದಿಗೆ ಅಲ್ಲಿ ಸಾಮಾನ್ಯವಾಗಿ ಮೂರರಲ್ಲಿ ಒಂದು ಗತಿ: ಇನ್ನೂ ತೆರೆದಿರುವಂತೆಯೇ ಉಳಿದು ಜನರನ್ನು ಬರಿ ಬೀಗದ ಮುಂದೆ ನಿಲ್ಲಿಸುವುದು, ‘ಮುಚ್ಚಿದೆ’ ಎಂಬ ಹಣೆಪಟ್ಟಿ ಹೊತ್ತು ನಿಲ್ಲುವುದು, ಇಲ್ಲವೇ ಯಾರೋ ಅದನ್ನು ಅಳಿಸಿ, ಇದ್ದ ಗುರುತೂ ಇಲ್ಲದಂತಾಗುವುದು. ಮೊದಲನೆಯದು ತಪ್ಪು ಎಂದು ಎಲ್ಲರೂ ಒಪ್ಪುತ್ತಾರೆ. ಮೂರನೆಯದನ್ನು ಮಾತ್ರ ‘ತಿದ್ದುಪಡಿ’ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಅದು ತಿದ್ದುಪಡಿಯಲ್ಲ ಎಂಬುದೇ ಈ ಲೇಖನದ ವಾದ. ಅಂಗಡಿ ಮುಚ್ಚಿತು ಎನ್ನುವುದು ಅಂಗಡಿಯ ಬಗೆಗಿನ ಇನ್ನೊಂದು ಮಾಹಿತಿ. ಹಳೆಯ ಮಾಹಿತಿಯ ಪಕ್ಕದಲ್ಲಿ ಅದನ್ನು ಬರೆಯಬೇಕೇ ಹೊರತು ಹಳೆಯದನ್ನೇ ಒರೆಸಿಹಾಕಬಾರದು.

ಅಚ್ಚಿನ ಕಾಲದಲ್ಲಿ ಈ ತೊಂದರೆ ಇರಲಿಲ್ಲ. ದೂರವಾಣಿ ಇಲಾಖೆ ಹೊರತರುತ್ತಿದ್ದ ದಪ್ಪ ಡೈರೆಕ್ಟರಿಯಲ್ಲಿ ಅಂಗಡಿಯ ಹೆಸರು ಒಂದು ವರ್ಷ ಇದ್ದು ಮುಂದಿನ ಆವೃತ್ತಿಯಲ್ಲಿ ಇಲ್ಲವಾದರೆ, ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟವರಿಗೆ ಅದು ಮುಚ್ಚಿದ ಕಾಲ ಸುಮಾರಾಗಿ ಗೊತ್ತಾಗುತ್ತಿತ್ತು. ಮುದ್ರಿತ ಪಟ್ಟಿ ಬಹುಬೇಗ ಹಳತಾಗುತ್ತದೆ ಎಂದು ನಾವು ದೂರುತ್ತಿದ್ದೆವು. ಹಳತಾಗಿ ಉಳಿದುಕೊಂಡದ್ದೇ ಅದರ ದೊಡ್ಡ ಉಪಕಾರವಾಯಿತು. ಆನ್‌ಲೈನ್ ಡೈರೆಕ್ಟರಿಗೆ ಹಳೆಯ ಆವೃತ್ತಿ ಎಂಬುದೇ ಇಲ್ಲ. ಅದು ಸದಾ ಇವತ್ತಿನದು. ನಿನ್ನೆ ಅಲ್ಲಿ ಏನಿತ್ತು ಎಂದು ಕೇಳಿದರೆ ಉತ್ತರ ಹೇಳಲು, ಯಾರಾದರೂ ಉದ್ದೇಶಪೂರ್ವಕವಾಗಿ ಆ ನಿನ್ನೆಯನ್ನು ಎತ್ತಿಟ್ಟಿರಬೇಕು. ಬ್ರಿಟನ್ನಿನ ವಿದ್ವಾಂಸರು 1851ರವರೆಗಿನ ಮುದ್ರಕರು, ಪ್ರಕಾಶಕರು, ಪುಸ್ತಕ ವ್ಯಾಪಾರಿಗಳು, ರಟ್ಟು ಕಟ್ಟುವವರ ಹೆಸರುಗಳನ್ನು ಸೂಚಿಯೊಂದರಲ್ಲಿ ಕಲೆಹಾಕಲು ಸಾಧ್ಯವಾದದ್ದರಲ್ಲಿ ಇಂಥ ಹಳೆಯ ಅಚ್ಚಿನ ಪಟ್ಟಿಗಳ ಪಾಲು ದೊಡ್ಡದು. ನಮ್ಮಲ್ಲೂ 1894ರಲ್ಲಿ ಹೊರಬಂದ ಕಿಟೆಲರ ನಿಘಂಟಿನ ಶೀರ್ಷಿಕೆ ಪುಟ ತೆಗೆದರೆ ಮಂಗಳೂರಿನ ಬಾಸೆಲ್ ಮಿಶನ್ ಬುಕ್ ಅಂಡ್ ಟ್ರ್ಯಾಕ್ಟ್ ಡಿಪಾಸಿಟರಿಯ ಹೆಸರು ಸಿಗುತ್ತದೆ. ಕಾಗದ ಹಿಡಿದಿಟ್ಟುಕೊಂಡದ್ದರಿಂದ ಆ ಹೆಸರು ನಮ್ಮವರೆಗೆ ಬಂದಿದೆ. ಈ ಇಪ್ಪತ್ತೈದು ವರ್ಷಗಳಲ್ಲಿ ಹುಟ್ಟಿ ಮುಚ್ಚಿದ ಅಂಗಡಿಗಳ ವಿಷಯದಲ್ಲಿ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಹಾಗಾದರೆ ಈಗಿನ ಡೈರೆಕ್ಟರಿಗಳು ಮುಚ್ಚಿದ ಅಂಗಡಿಯನ್ನು ಹೇಗೆ ನಡೆಸಿಕೊಳ್ಳುತ್ತವೆ? ಹೆಚ್ಚು ಜನ ಬಳಸುವ ಗೂಗಲ್ ಮ್ಯಾಪ್ಸ್‌ನಿಂದಲೇ ಆರಂಭಿಸೋಣ. ಅಲ್ಲಿ ಯಾರು ಬೇಕಾದರೂ ತಿದ್ದುಪಡಿ ಸೂಚಿಸಬಹುದು: ಅಂಗಡಿ ತಾತ್ಕಾಲಿಕವಾಗಿ ಮುಚ್ಚಿದೆ, ಶಾಶ್ವತವಾಗಿ ಮುಚ್ಚಿದೆ, ಬೇರೆ ಕಡೆಗೆ ಹೋಗಿದೆ, ಅಂಥದ್ದೊಂದು ಅಲ್ಲಿ ಇಲ್ಲವೇ ಇಲ್ಲ, ಒಂದೇ ಅಂಗಡಿ ಎರಡು ಸಲ ನಮೂದಾಗಿದೆ ಎಂದೆಲ್ಲ ಆಯ್ಕೆಗಳಿವೆ. ‘ಶಾಶ್ವತವಾಗಿ ಮುಚ್ಚಿದೆ’ ಎಂದು ಗುರುತಿಸಿದ ಅಂಗಡಿಯ ಹೆಸರು ಹಾಕಿ ಹುಡುಕಿದರೆ ಆ ಪುಟ ಸಿಗಬಹುದು. ‘ಹತ್ತಿರದ ಪುಸ್ತಕದಂಗಡಿ’ ಎಂದು ಹುಡುಕುವವರ ಕಣ್ಣಿಗೆ ಅದು ಹೆಚ್ಚಾಗಿ ಬೀಳುವುದಿಲ್ಲ. ಗ್ರಾಹಕನ ದೃಷ್ಟಿಯಿಂದ ಇದು ಸರಿಯಾದ ವ್ಯವಸ್ಥೆಯೇ. ಆದರೆ ಆ ಹಣೆಪಟ್ಟಿಯ ಪಕ್ಕದಲ್ಲಿ ಯಾವಾಗ ಮುಚ್ಚಿತು ಎಂಬುದು ಕಾಣುವುದಿಲ್ಲ. ಕಳೆದ ತಿಂಗಳು ಮುಚ್ಚಿದ ಅಂಗಡಿಗೂ ಹತ್ತು ವರ್ಷದ ಹಿಂದೆ ಮುಚ್ಚಿದ ಅಂಗಡಿಗೂ ಅದೇ ಎರಡು ಪದ. ‘ಅಂಥದ್ದೊಂದು ಇಲ್ಲವೇ ಇಲ್ಲ’ ಎಂಬ ಆಯ್ಕೆಯನ್ನು ಯಾರಾದರೂ ಅವಸರದಲ್ಲಿ ಒತ್ತಿ ಅದು ಒಪ್ಪಿತವಾದರೆ, ನಲವತ್ತು ವರ್ಷ ವ್ಯಾಪಾರ ಮಾಡಿದ ಅಂಗಡಿಯೂ ಯಾರೋ ಸುಮ್ಮನೆ ಸೃಷ್ಟಿಸಿದ ಸುಳ್ಳು ಅಂಗಡಿಯೂ ಒಂದೇ ದಾರಿಯಲ್ಲಿ ಮಾಯವಾಗುತ್ತವೆ.

ಇದಕ್ಕಿಂತ ನೋವಿನ ಇನ್ನೊಂದು ಬಗೆಯಿದೆ. ಪುಸ್ತಕದಂಗಡಿ ಖಾಲಿ ಮಾಡಿದ ಮಳಿಗೆಗೆ ಮೊಬೈಲ್ ಅಂಗಡಿಯೋ ಬಟ್ಟೆ ಅಂಗಡಿಯೋ ಬರುತ್ತದೆ. ಹೊಸಬರು ಹೊಸ ನಮೂದು ಮಾಡಿಕೊಳ್ಳುವ ಬದಲು ಹಳೆಯ ನಮೂದಿನ ಹೆಸರನ್ನೇ ಬದಲಾಯಿಸಿಬಿಡುತ್ತಾರೆ. ಆಗ ಓದುಗರು ವರ್ಷಗಳಿಂದ ಬರೆದಿಟ್ಟ ಅಭಿಪ್ರಾಯಗಳು, ಹಾಕಿದ ಫೋಟೊಗಳು ಎಲ್ಲವೂ ಹೊಸ ಅಂಗಡಿಯ ಲೆಕ್ಕಕ್ಕೆ ಸೇರುತ್ತವೆ. ಮೊಬೈಲ್ ಅಂಗಡಿಯೊಂದರ ಪುಟದಲ್ಲಿ ‘ಹಳೆಗನ್ನಡ ಕಾವ್ಯಗಳೂ ಇಲ್ಲಿ ಸಿಗುತ್ತವೆ, ಮಾಲೀಕರು ಬಹಳ ತಾಳ್ಮೆಯಿಂದ ಹುಡುಕಿ ಕೊಡುತ್ತಾರೆ’ ಎಂಬ ಮಾತನ್ನು ನಾನೇ ಓದಿದ್ದೇನೆ. ಆ ಅಭಿಪ್ರಾಯ ಬರೆದವರಿಗೆ ತಮ್ಮ ಮಾತು ಈಗ ಯಾರ ಬಾಗಿಲಿನಲ್ಲಿ ನಿಂತಿದೆ ಎಂದು ಗೊತ್ತಿರಲಾರದು.

ಅಂಗಡಿ ಮುಂತಾದ ಜಾಗಗಳ ಮಾಹಿತಿ ಕಲೆಹಾಕುವ ಫೋರ್‌ಸ್ಕ್ವೇರ್ ಸಂಸ್ಥೆ 2024ರ ನವೆಂಬರಿನಲ್ಲಿ ಎಲ್ಲರ ಬಳಕೆಗೆ ಬಿಡುಗಡೆ ಮಾಡಿದ ಸ್ಥಳಗಳ ದತ್ತಾಂಶದಲ್ಲಿ ಮುಚ್ಚಿದ ದಿನಾಂಕಕ್ಕೆಂದೇ ಒಂದು ಅಂಕಣವಿದೆ. ಆದರೆ ಆ ದಿನಾಂಕ ಅಂಗಡಿ ನಿಜವಾಗಿ ಬಾಗಿಲು ಹಾಕಿದ ದಿನವೇ ಆಗಿರಬೇಕೆಂದಿಲ್ಲ, ಮುಚ್ಚಿದೆಯೆಂದು ತಮ್ಮ ದತ್ತಾಂಶದಲ್ಲಿ ಗುರುತಿಸಿದ ದಿನ ಎಂದು ಅವರೇ ಸ್ಪಷ್ಟವಾಗಿ ತಿಳಿಸಿದ್ದಾರೆ. ಘಟನೆ ನಡೆದ ದಿನ ಬೇರೆ, ಅದು ನಮಗೆ ಗೊತ್ತಾದ ದಿನ ಬೇರೆ. ಶಾಸನ ಓದುವವರಿಗೆ, ಹಳೆಯ ದಫ್ತರ ನೋಡುವವರಿಗೆ ಈ ಭೇದ ಹೊಸದಲ್ಲ. ಡೈರೆಕ್ಟರಿ ತುಂಬುವವರು ಎರಡನ್ನೂ ಒಂದೇ ಅಂಕಣದಲ್ಲಿ ಬರೆದರೆ, ಮುಂದೆ ಇಡೀ ಊರಿನ ಅಂಗಡಿಗಳು ಯಾರೋ ಒಬ್ಬರು ಬಿಡುವು ಮಾಡಿಕೊಂಡು ಕುಳಿತು ತಿದ್ದಿದ ಒಂದೇ ವಾರದಲ್ಲಿ ಮುಚ್ಚಿದಂತೆ ತೋರುತ್ತದೆ.

2004ರಲ್ಲಿ ಆರಂಭವಾದ, ಸ್ವಯಂಸೇವಕರೇ ಕಟ್ಟುವ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಿಯಮ ಸರಳ: ಈಗ ನೆಲದ ಮೇಲೆ ಏನಿದೆಯೋ ಅದು ಮಾತ್ರ ನಕ್ಷೆಯಲ್ಲಿರಬೇಕು. ಮಳಿಗೆ ಖಾಲಿ ಬಿದ್ದಿರುವವರೆಗೆ ‘ಬಳಕೆಯಲ್ಲಿಲ್ಲದ ಪುಸ್ತಕದಂಗಡಿ’ ಎಂದು ಗುರುತಿಸಲು ಅವಕಾಶವಿದೆ. ಇನ್ನೊಂದು ಅಂಗಡಿ ಬಂದ ಮೇಲೆ ಹಳೆಯದು ನಕ್ಷೆಯಿಂದ ಹೋಗುತ್ತದೆ. ಆದರೂ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಪ್ರತಿಯೊಂದು ನಮೂದಿನ ಪ್ರತಿಯೊಂದು ಬದಲಾವಣೆಯೂ, ಅಳಿಸಿದ್ದು ಸಹ, ದಿನಾಂಕಸಹಿತ ಇತಿಹಾಸದಲ್ಲಿ ಉಳಿದಿರುತ್ತದೆ. ಅಂದರೆ ನಕ್ಷೆ ಮರೆತರೂ ನಕ್ಷೆಯ ಹಿಂದಿನ ಕಡತ ಮರೆಯುವುದಿಲ್ಲ. ಅದನ್ನು ತೆಗೆದು ನೋಡುವ ವಿದ್ಯೆ ಮಾತ್ರ ಸಾಮಾನ್ಯ ಓದುಗರಿಗೆ ದಕ್ಕುವಂಥದ್ದಲ್ಲ. ಇದೇ ಮಾದರಿಯಲ್ಲಿ ಕಟ್ಟಿರುವ ಓಪನ್‌ಹಿಸ್ಟಾರಿಕಲ್‌ಮ್ಯಾಪ್ ಈ ಕೊರತೆಯನ್ನು ತುಂಬಲೆಂದೇ ಇದೆ. ಅಲ್ಲಿ ಪ್ರತಿಯೊಂದಕ್ಕೂ ಆರಂಭದ ದಿನಾಂಕ, ಅಂತ್ಯದ ದಿನಾಂಕ ಕೊಡಬಹುದು, ಕಾಲವನ್ನು ಹಿಂದೆ ಸರಿಸಿ ಆಗಿನ ಬೀದಿಯನ್ನು ನೋಡಬಹುದು. ವಿಕಿಪೀಡಿಯದ ಸೋದರ ಯೋಜನೆಯಾದ ಮಾಹಿತಿ ಕೋಶ ವಿಕಿಡೇಟಾದಲ್ಲೂ ಸಂಸ್ಥೆಯೊಂದು ಸ್ಥಾಪನೆಯಾದ ಕಾಲ, ಕೊನೆಗೊಂಡ ಕಾಲ ಎರಡಕ್ಕೂ ಜಾಗವಿದೆ, ಆ ಮಾತಿಗೆ ಆಧಾರವೇನು ಎಂದು ಹೇಳಲು ಅದರ ಕೆಳಗೇ ಇನ್ನೊಂದು ಸಾಲಿದೆ, ಹೆಸರನ್ನು ಕನ್ನಡದಲ್ಲೇ ಬರೆಯಬಹುದು.

ಡೈರೆಕ್ಟರಿಗಳೂ ಮುಚ್ಚುತ್ತವೆ ಎಂಬುದನ್ನು ಇಲ್ಲಿ ಮರೆಯಬಾರದು. ಒಂದು ಕಾಲಕ್ಕೆ ಅಂತರ್ಜಾಲದ ಬಾಗಿಲೇ ಆಗಿದ್ದ ಯಾಹೂ ಡೈರೆಕ್ಟರಿ 2014ರ ಕೊನೆಗೆ ನಿಂತಿತು. ಸ್ವಯಂಸೇವಕರು ಕಟ್ಟಿದ ಜಾಲತಾಣಗಳ ಡೈರೆಕ್ಟರಿ ಡಿಮಾಜ್ 2017ರ ಮಾರ್ಚಿನಲ್ಲಿ ನಿಂತಿತು. ಆದ್ದರಿಂದ ಒಂದೇ ಕಡೆ ಬರೆದಿಟ್ಟು ನೆಮ್ಮದಿಯಾಗಿರುವಂತಿಲ್ಲ. ಅಂಗಡಿಯ ಪುಟ ಇನ್ನೂ ಇರುವಾಗಲೇ ಜಾಲಪುಟಗಳನ್ನು ಎತ್ತಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನಿನಲ್ಲಿ ಅದರ ಒಂದು ಪ್ರತಿಯನ್ನು ಉಳಿಸಿಡುವುದು ಎರಡು ನಿಮಿಷದ ಕೆಲಸ. ಆ ಎರಡು ನಿಮಿಷ ಕೊಟ್ಟವರು ಕಡಿಮೆ.

ಇನ್ನು ‘ಮುಚ್ಚಿದೆ’ ಎಂಬ ಪದಕ್ಕೆ ಬರೋಣ, ಏಕೆಂದರೆ ಹೆಚ್ಚಿನ ಗೊಂದಲ ಇರುವುದು ಅಲ್ಲೇ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದ ಗಂಗಾರಾಮ್ಸ್ ಅಲ್ಲಿ ಬಾಗಿಲು ಹಾಕಿ ಚರ್ಚ್ ಸ್ಟ್ರೀಟಿಗೆ ಹೋಯಿತು. ಹಳೆಯ ವಿಳಾಸದ ಮಟ್ಟಿಗೆ ಅದು ಮುಚ್ಚಿದ್ದು ನಿಜ, ಅಂಗಡಿಯ ಮಟ್ಟಿಗೆ ಅಲ್ಲ. ಅಲ್ಲೇ ಹತ್ತಿರ, ಮ್ಯೂಸಿಯಂ ರಸ್ತೆಯಲ್ಲಿ ಟಿ.ಎಸ್. ಶಾನಭಾಗರ ಪ್ರೀಮಿಯರ್ ಬುಕ್‌ಶಾಪ್ 1971ರಿಂದ 2009ರವರೆಗೆ ಇತ್ತು. ನೆಲದಿಂದ ಮೇಲಕ್ಕೆ ಗೋಪುರಗಳಂತೆ ಜೋಡಿಸಿದ್ದ ಪುಸ್ತಕಗಳ ನಡುವಿನಿಂದ ಕೇಳಿದ್ದನ್ನು ಅವರು ತೆಗೆದುಕೊಡುತ್ತಿದ್ದ ಬಗೆಯನ್ನು ಬೆಂಗಳೂರಿನ ಒಂದು ತಲೆಮಾರಿನ ಓದುಗರು ಇಂದಿಗೂ ಹೇಳುತ್ತಾರೆ. ಶಾನಭಾಗರು 2021ರ ಮೇ ತಿಂಗಳಲ್ಲಿ ತೀರಿಕೊಂಡಾಗ ಆ ಅಂಗಡಿಯ ನೆನಪುಗಳು ಪತ್ರಿಕೆಗಳಲ್ಲಿ ಮತ್ತೆ ಬಂದವು. ಅವರ ಚಿಕ್ಕಂದಿನ ವೃತ್ತಿಶಿಕ್ಷಣ ಆದದ್ದು ಮುಂಬಯಿಯ ಸ್ಟ್ರ್ಯಾಂಡ್ ಬುಕ್ ಸ್ಟಾಲಿನಲ್ಲಿ. ಬಂಧುವೇ ಆದ ಟಿ.ಎನ್. ಶಾನಭಾಗರು 1948ರಲ್ಲಿ ಆರಂಭಿಸಿದ ಆ ಅಂಗಡಿಯೂ 2018ರ ಫೆಬ್ರವರಿಯಲ್ಲಿ ಮುಚ್ಚಿತು. ಎರಡು ನಗರಗಳ ಎರಡು ಅಂಗಡಿಗಳ ನಡುವಿನ ಈ ಸಂಬಂಧ ಯಾವ ನಕ್ಷೆಯ ನಮೂದಿನಲ್ಲೂ ಹಿಡಿಸುವುದಿಲ್ಲ. ಆದರೆ ಪುಸ್ತಕ ವ್ಯಾಪಾರದ ಇತಿಹಾಸ ಎಂದರೆ ಬಹುಪಾಲು ಇದೇ: ಯಾರು ಯಾರ ಅಂಗಡಿಯಲ್ಲಿ ಕಲಿತರು, ಯಾರ ದಾಸ್ತಾನು ಯಾರಿಗೆ ಹೋಯಿತು, ಯಾವ ಮಳಿಗೆಯಿಂದ ಯಾರು ಎದ್ದು ಎಲ್ಲಿ ಕುಳಿತರು. ಪ್ರೀಮಿಯರಿನಂಥ ಹೆಸರುವಾಸಿ ಅಂಗಡಿಗಾದರೆ ಇದನ್ನೆಲ್ಲ ಬರೆದಿಡುವ ಜನರಿದ್ದರು. ತುಮಕೂರಿನ ಲೈಬ್ರರಿಗೆ ಯಾರಿದ್ದರು?

ಮುಚ್ಚಿದ ಅಂಗಡಿಯ ದಾಖಲೆ ಹೇಗಿರಬಹುದು ಎಂಬುದಕ್ಕೆ ಕನ್ನಡದಲ್ಲಿ ನನಗೆ ಗೊತ್ತಿರುವ ಅತ್ಯುತ್ತಮ ಉದಾಹರಣೆ ಮಂಗಳೂರಿನ ಅತ್ರಿ ಬುಕ್ ಸೆಂಟರ್. ಜಿ.ಎನ್. ಅಶೋಕವರ್ಧನರು ಅದನ್ನು ಆರಂಭಿಸಿದ್ದು 1975ರಲ್ಲಿ, ತಾವಾಗಿ ನಿರ್ಧರಿಸಿ ಮುಚ್ಚಿದ್ದು 2012ರಲ್ಲಿ. ನಷ್ಟವಾಗಿಯೋ ಬಾಡಿಗೆ ಕಟ್ಟಲಾರದೆಯೋ ಸೋತು ಮುಚ್ಚುವುದೊಂದೇ ದಾರಿಯಲ್ಲ, ಬಹುಕಾಲ ಪುಸ್ತಕ ಮಾರಿದವರು ವೃತ್ತಿಯಿಂದ ನಿವೃತ್ತರಾಗಬಹುದು ಎಂಬುದಕ್ಕೂ ಅದು ಉದಾಹರಣೆ. ಅಂಗಡಿ ಹೋದ ಮೇಲೂ ಅದರ ಹೆಸರಿನ ಜಾಲತಾಣ ಉಳಿಯಿತು. ಅಂಗಡಿಯ ಅನುಭವಗಳು, ಪುಸ್ತಕ ವ್ಯಾಪಾರದ ಒಳಗುಟ್ಟುಗಳು, ಅವರ ತಂದೆ ಜಿ.ಟಿ. ನಾರಾಯಣ ರಾವ್ ಅವರ ಬರಹಗಳು, ಪ್ರವಾಸ, ಯಕ್ಷಗಾನ, ಪುಸ್ತಕಗಳ ಉಚಿತ ವಿದ್ಯುನ್ಮಾನ ಆವೃತ್ತಿಗಳು ಎಲ್ಲ ಅಲ್ಲಿ ಸೇರುತ್ತ ಹೋದವು. ಅಂಗಡಿಯವರೇ ಅಂಗಡಿಯ ಕಥೆ ಬರೆದಾಗ ಸಿಗುವ ವಿವರ ಹೊರಗಿನವರಿಗೆ ಎಂದೂ ಸಿಗದು: ಗ್ರಂಥಾಲಯಗಳ ಖರೀದಿ ಹೇಗೆ ನಡೆಯುತ್ತಿತ್ತು, ರಿಯಾಯತಿಯ ಪೈಪೋಟಿ ಎಲ್ಲಿಗೆ ಮುಟ್ಟಿತ್ತು, ಪ್ರಕಾಶಕರ ಬಾಕಿ ಹೇಗೆ ತೀರುತ್ತಿತ್ತು. ಅತ್ರಿಯನ್ನು ನಕ್ಷೆಯ ಮೇಲೆ ‘ಶಾಶ್ವತವಾಗಿ ಮುಚ್ಚಿದೆ’ ಎಂದು ಗುರುತಿಸಿದರೆ ಅದು ಸತ್ಯವೇ, ಆದರೆ ಸಾಲದು. ಅದೇ ನಮೂದಿನಿಂದ ಈ ಬರಹಗಳಿಗೆ ದಾರಿ ಇದ್ದರೆ ಆಗ ಆ ನಮೂದು ಪೂರ್ಣವಾಗುತ್ತದೆ.

ಅರ್ಧ ಮುಚ್ಚಿದ ಅಂಗಡಿಗಳ ವಿಷಯ ಇನ್ನೂ ತೊಡಕಿನದು. ತಾಲ್ಲೂಕು ಕೇಂದ್ರಗಳಲ್ಲಿ ‘ಪುಸ್ತಕ ಭಂಡಾರ’ ಎಂಬ ಬೋರ್ಡು ಇನ್ನೂ ಇದೆ, ಒಳಗೆ ನೋಟ್‌ಬುಕ್, ಗೈಡ್, ಜಾಮಿಟ್ರಿ ಬಾಕ್ಸ್, ಝೆರಾಕ್ಸ್ ಯಂತ್ರ. ಕಾದಂಬರಿ, ಕವನ ಸಂಕಲನ ಇಟ್ಟಿದ್ದ ಕಪಾಟು ಗೋಡೆಯ ಕಡೆಗೆ ಸರಿದು, ಆಮೇಲೆ ಗೋದಾಮಿಗೆ ಹೋಗಿ, ಆಮೇಲೆ ಇಲ್ಲವಾಗಿದೆ. ಡೈರೆಕ್ಟರಿಗೆ ಅದು ಇಂದಿಗೂ ತೆರೆದಿರುವ ಪುಸ್ತಕದಂಗಡಿ. ಓದುಗನಿಗೆ ಅಲ್ಲ.

ಗ್ರಂಥಾಲಯಗಳ ಪ್ರಶ್ನೆ ಬೇರೆಯೇ ತೂಕದ್ದು, ಏಕೆಂದರೆ ಅಲ್ಲಿ ಸಾರ್ವಜನಿಕರ ಹಣವಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆಯ ಪ್ರಕಾರ ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಹಾಗೆ ಕಟ್ಟಿದವರಿಗೆ ತಮ್ಮ ಬಡಾವಣೆಯ ಶಾಖೆ ಇದೆಯೋ, ಸ್ಥಳಾಂತರವಾಗಿದೆಯೋ, ನಿಂತಿದೆಯೋ ಎಂದು ಸುಲಭವಾಗಿ ತಿಳಿಯುವ ಹಕ್ಕಿದೆ. 2019ರಲ್ಲಿ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು, ಐದು ಸಾವಿರಕ್ಕೂ ಹೆಚ್ಚು, ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗವಾದವು. ಮುಂದೆ ಅವು ‘ಅರಿವು ಕೇಂದ್ರ’ಗಳಾದವು. ಇಲಾಖೆ ಬದಲಾಯಿತು, ಹೆಸರು ಬದಲಾಯಿತು, ಕೆಲವು ಕಡೆ ಕಟ್ಟಡವೂ ಬದಲಾಯಿತು. ಇಂಥ ಸಂದರ್ಭದಲ್ಲಿ ಹಳೆಯ ನಮೂದನ್ನು ಅಳಿಸಿ ಹೊಸದನ್ನು ಸೇರಿಸಿದರೆ, ಲೆಕ್ಕ ಹಾಕುವವರಿಗೆ ಒಂದು ಗ್ರಂಥಾಲಯ ಸತ್ತು ಇನ್ನೊಂದು ಹುಟ್ಟಿದಂತೆ ಕಾಣುತ್ತದೆ. ಎರಡನ್ನೂ ಹಾಗೇ ಬಿಟ್ಟರೆ ಒಂದೇ ಗ್ರಂಥಾಲಯ ಎರಡಾಗಿ ಕಾಣುತ್ತದೆ. ಹೆಸರು ಬದಲಾದರೂ ಬದಲಾಗದ ಒಂದು ಗುರುತಿನ ಸಂಖ್ಯೆ ಇದ್ದರೆ ಮಾತ್ರ ಈ ಎರಡೂ ತಪ್ಪುಗಳನ್ನು ತಡೆಯಲು ಸಾಧ್ಯ.

ಇಂಗ್ಲೆಂಡಿನಲ್ಲಿ 2010ರ ಏಪ್ರಿಲ್ 1ರಂದು ತೆರೆದಿದ್ದ ಸಾರ್ವಜನಿಕ ಗ್ರಂಥಾಲಯಗಳನ್ನು ಆಧಾರವಾಗಿಟ್ಟು ಸರ್ಕಾರದ ಕಡೆಯಿಂದ ಒಂದು ಪಟ್ಟಿ ಪ್ರಕಟವಾಯಿತು. ಅನಂತರ ಮುಚ್ಚಿದವನ್ನು ಅದರಿಂದ ತೆಗೆದುಹಾಕಲಿಲ್ಲ; ಮುಚ್ಚಿದ ವರ್ಷವನ್ನು ಬರೆದು ಅಲ್ಲೇ ಉಳಿಸಿದರು. ಸ್ಥಳೀಯ ಆಡಳಿತ ಕೈಬಿಟ್ಟು ಊರಿನವರೇ ನಡೆಸಿಕೊಂಡು ಹೋಗುತ್ತಿರುವವನ್ನು ಬೇರೆಯಾಗಿ ಗುರುತಿಸಿದರು. ಅಂಥ ಪಟ್ಟಿಯ ಅಗತ್ಯ ಎಷ್ಟಿತ್ತೆಂದರೆ, ಅದು ಪ್ರಕಟವಾಗುವ ಮೊದಲು, 2016ರಲ್ಲಿ, ಬಿಬಿಸಿ ಮಾಹಿತಿ ಹಕ್ಕಿನಡಿ ಇಡೀ ಬ್ರಿಟನ್ನಿನ ಸ್ಥಳೀಯ ಆಡಳಿತಗಳಿಂದ ವಿವರ ತರಿಸಿಕೊಂಡು ಆರು ವರ್ಷಗಳಲ್ಲಿ 343 ಗ್ರಂಥಾಲಯಗಳು ಮುಚ್ಚಿವೆ ಎಂದು ವರದಿ ಮಾಡಬೇಕಾಯಿತು. ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳ ವಾರ್ಷಿಕ ಸಮೀಕ್ಷೆಯಲ್ಲೂ ಮುಚ್ಚಿದ್ದು, ತಾತ್ಕಾಲಿಕವಾಗಿ ಮುಚ್ಚಿದ್ದು, ಇನ್ನೊಂದರಲ್ಲಿ ವಿಲೀನವಾದದ್ದು ಇವಕ್ಕೆ ಬೇರೆ ಬೇರೆ ಸಂಕೇತಗಳಿವೆ. ಮುಚ್ಚಿದವನ್ನು ಎಣಿಸದೆ ತೆರೆದವನ್ನು ಮಾತ್ರ ಎಣಿಸುವ ಪಟ್ಟಿ ಯಾವಾಗಲೂ ಆಡಳಿತಕ್ಕೆ ಅನುಕೂಲಕರವಾಗಿಯೇ ಇರುತ್ತದೆ. ಹೊಸದಾಗಿ ಉದ್ಘಾಟನೆಯಾದ ಹತ್ತರ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಸದ್ದಿಲ್ಲದೆ ಬೀಗ ಬಿದ್ದ ಇಪ್ಪತ್ತರದು ಬರುವುದಿಲ್ಲ.

ಎಲ್ಲ ನಷ್ಟವೂ ಮುಚ್ಚುಗಡೆಯಲ್ಲ ಎಂಬುದಕ್ಕೆ ಮೈಸೂರಿನ ರಾಜೀವನಗರದ ಉದಾಹರಣೆಯಿದೆ. ಅಲ್ಲಿ ದಿನಗೂಲಿ ಕೆಲಸಗಾರರೊಬ್ಬರು ಕಟ್ಟಿ ನಡೆಸುತ್ತಿದ್ದ ಸಾರ್ವಜನಿಕ ಗ್ರಂಥಾಲಯ 2021ರ ಏಪ್ರಿಲಿನಲ್ಲಿ ಬೆಂಕಿಗೆ ಸಿಕ್ಕಿ ಸುಮಾರು 11,000 ಪುಸ್ತಕಗಳು ಸುಟ್ಟುಹೋದವು. ಆ ವಾರ ಅದನ್ನು ‘ಶಾಶ್ವತವಾಗಿ ಮುಚ್ಚಿದೆ’ ಎಂದು ಯಾರಾದರೂ ಗುರುತಿಸಿದ್ದರೆ ಅದು ಅವಸರದ ತೀರ್ಮಾನವಾಗುತ್ತಿತ್ತು. ನಾಡಿನ ನಾನಾ ಕಡೆಗಳಿಂದ ಅದಕ್ಕೆ ಹಣವೂ ಪುಸ್ತಕವೂ ಬರತೊಡಗಿದವು.

ಹಾಗಾದರೆ ಒಂದು ನಮೂದಿನಲ್ಲಿ ಏನೇನಿರಬೇಕು? ಬೋರ್ಡಿನ ಮೇಲೆ ಇದ್ದ ಹಾಗೆ ಕನ್ನಡದ ಹೆಸರು ಮೊದಲು ಬರಲಿ. ನಮ್ಮ ಅಂಗಡಿಗಳ ಹೆಸರುಗಳು ಡೈರೆಕ್ಟರಿಗಳಲ್ಲಿ ಇಂಗ್ಲಿಷಿನಲ್ಲಿ ಮೂರು ನಾಲ್ಕು ಬಗೆಯ ಕಾಗುಣಿತದಲ್ಲಿ ಹರಡಿರುವುದರಿಂದ ಒಂದೇ ಅಂಗಡಿಯ ದಾಖಲೆ ಚೂರುಚೂರಾಗಿದೆ. ಆಮೇಲೆ ಇದ್ದ ಜಾಗ, ಅದೂ ಆಗಿನ ಬೀದಿಯ ಹೆಸರಿನಲ್ಲಿ. ತೆರೆದ ಮತ್ತು ಮುಚ್ಚಿದ ಕಾಲ. ಆ ಮಾತು ಹೇಳಿದವರು ಯಾರು. ಇವಿಷ್ಟು ಹೇಗೂ ಬೇಕು. ಇವುಗಳಿಗಿಂತ ಹೆಚ್ಚು ಬೆಲೆಯುಳ್ಳ, ಆದರೆ ಬಹುತೇಕ ಎಲ್ಲ ಡೈರೆಕ್ಟರಿಗಳೂ ಕೇಳದೇ ಬಿಡುವ ಪ್ರಶ್ನೆ ಒಂದಿದೆ: ಪುಸ್ತಕಗಳು ಎಲ್ಲಿಗೆ ಹೋದವು? ಅಂಗಡಿಯ ದಾಸ್ತಾನು ಪ್ರಕಾಶಕರಿಗೆ ಹಿಂದಿರುಗಿತೋ, ಇನ್ನೊಬ್ಬ ವ್ಯಾಪಾರಿ ಒಟ್ಟಿಗೆ ಕೊಂಡರೋ, ರದ್ದಿಗೆ ತೂಗಿಹಾಕಿದರೋ? ಗ್ರಂಥಾಲಯವಾದರೆ ಅದರ ಅಕ್ಸೆಷನ್ ರಿಜಿಸ್ಟರ್ ಯಾರ ಬಳಿ ಇದೆ? ಆ ರಿಜಿಸ್ಟರಿನಲ್ಲಿ ಊರು ಕೊಂಡ ಪ್ರತಿಯೊಂದು ಪುಸ್ತಕದ ಹೆಸರು, ಬೆಲೆ, ಬಂದ ತಾರೀಖು ಸಾಲಾಗಿ ಇರುತ್ತವೆ. ಒಂದು ಊರು ಐವತ್ತು ವರ್ಷಗಳಲ್ಲಿ ಏನನ್ನು ಓದಬಯಸಿತು ಎಂಬುದಕ್ಕೆ ಅದಕ್ಕಿಂತ ನಂಬಿಕೆಯ ದಾಖಲೆ ಬೇರೆ ಸಿಗುವುದು ಕಷ್ಟ. ಕಟ್ಟಡಕ್ಕೆ ಬೀಗ ಹಾಕಿದ ಮೇಲೆ ಆ ರಿಜಿಸ್ಟರ್ ಕಪಾಟಿನ ತಳದಲ್ಲಿ ಗೆದ್ದಲಿಗೆ ಬೀಳುತ್ತದೆ.

ದಾಖಲೆ ಉಳಿಸಬೇಕು ಎನ್ನುವಾಗಲೇ ಉಳಿಸಬಾರದ್ದರ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಸಣ್ಣ ಅಂಗಡಿಗಳ ದೂರವಾಣಿ ಸಂಖ್ಯೆ ಎಂದರೆ ಬಹಳ ಸಲ ಮಾಲೀಕರ ಸ್ವಂತ ಮೊಬೈಲ್ ಸಂಖ್ಯೆ. ವಿಳಾಸ ಎಂದರೆ ಕೆಳಗೆ ಅಂಗಡಿ, ಮೇಲೆ ಮನೆ. ವ್ಯಾಪಾರ ನಿಂತು ವರ್ಷಗಳಾದ ಮೇಲೂ ‘ಆ ಪುಸ್ತಕ ಇದೆಯಾ’ ಎಂಬ ಕರೆಗಳು ಬರುತ್ತಲೇ ಇರುತ್ತವೆ, ಮಾಲೀಕರು ತೀರಿಕೊಂಡಿದ್ದರೆ ಆ ಕರೆಗೆ ಉತ್ತರಿಸಬೇಕಾದವರು ಅವರ ಹೆಂಡತಿಯೋ ಮಕ್ಕಳೋ. ಅಂಗಡಿ ಇದ್ದದ್ದು ಸಾರ್ವಜನಿಕ ಸಂಗತಿ, ಅದರ ಹೆಸರು, ಜಾಗ, ಕಾಲ ಉಳಿಯಲಿ; ಫೋನ್ ಸಂಖ್ಯೆ ಅಂದೇ ಹೋಗಲಿ. ಮುಚ್ಚಿದ ಕಾರಣ ಬರೆಯುವಾಗಲೂ ಇದೇ ಎಚ್ಚರ ಬೇಕು. ಸಾಲ, ಕಾಯಿಲೆ, ಅಣ್ಣತಮ್ಮಂದಿರ ಪಾಲು ಇವು ಮನೆಯ ವಿಷಯಗಳು. ಮನೆಯವರು ತಾವಾಗಿ ಹೇಳಿದ್ದನ್ನು, ಬರೆಯಿರಿ ಎಂದದ್ದನ್ನು ಮಾತ್ರ ಬರೆಯಬೇಕು.

ಇದಕ್ಕೆಲ್ಲ ಒಂದು ಆಕ್ಷೇಪ ಸಹಜ. ಡೈರೆಕ್ಟರಿ ಇರುವುದು ತೆರೆದ ಅಂಗಡಿ ಹುಡುಕುವವರಿಗಾಗಿ, ಅದರಲ್ಲಿ ಮುಚ್ಚಿದವನ್ನೆಲ್ಲ ತುಂಬಿಸಿದರೆ ಯಾರಿಗೆ ಉಪಯೋಗ ಎಂದು ಕೇಳುವವರಿದ್ದಾರೆ. ಮುಚ್ಚಿದವನ್ನು ಮೊದಲ ನೋಟಕ್ಕೆ ಕಾಣದಂತೆ ಇಡುವುದಕ್ಕೆ ನನ್ನ ವಿರೋಧವಿಲ್ಲ. ಕಾಣದಂತೆ ಇಡುವುದು ಬೇರೆ, ಇಲ್ಲವಾಗಿಸುವುದು ಬೇರೆ. ಗ್ರಂಥಾಲಯದವರು ಹಳೆಯ ಪತ್ರಿಕೆಗಳನ್ನು ಓದುವ ಮೇಜಿನಿಂದ ತೆಗೆದು ಒಳಕೋಣೆಯಲ್ಲಿ ಕಟ್ಟಿಡುವುದಿಲ್ಲವೇ, ಹಾಗೆ. ಇನ್ನು ಇದನ್ನು ಮಾಡುವವರು ಯಾರು ಎಂಬ ಪ್ರಶ್ನೆ. ವ್ಯಾಪಾರಕ್ಕೆಂದು ನಡೆಯುವ ಡೈರೆಕ್ಟರಿ ಸಂಸ್ಥೆಗಳಿಗೆ ಮುಚ್ಚಿದ ಅಂಗಡಿಯಿಂದ ಆದಾಯವಿಲ್ಲ, ಅವರಿಂದ ಹೆಚ್ಚು ನಿರೀಕ್ಷಿಸಲಾಗದು. ಸಾರ್ವಜನಿಕ ಗ್ರಂಥಾಲಯಗಳ ಮಟ್ಟಿಗೆ ಇದು ಇಲಾಖೆಗಳ ಕರ್ತವ್ಯ. ಅಂಗಡಿಗಳ, ಬಾಡಿಗೆ ಲೈಬ್ರರಿಗಳ ಮಟ್ಟಿಗೆ ನಾವೇ, ಅಂದರೆ ಅಲ್ಲಿ ಪುಸ್ತಕ ಕೊಂಡವರು, ಠೇವಣಿ ಕಟ್ಟಿ ಓದಿದವರು ಮಾಡಬೇಕು. ಅದರಲ್ಲೂ 1970ರಿಂದ 90ರ ದಶಕದವರೆಗೆ ಊರೂರಿನಲ್ಲಿದ್ದ ಸರ್ಕ್ಯುಲೇಟಿಂಗ್ ಲೈಬ್ರರಿಗಳ ವಿಷಯದಲ್ಲಿ ಸಮಯ ಹೆಚ್ಚು ಉಳಿದಿಲ್ಲ. ಅಂತರ್ಜಾಲ ಊರೂರಿಗೆ ತಲುಪುವ ಮೊದಲೇ ಮುಚ್ಚಿದ ಅವು ಯಾವ ಡೈರೆಕ್ಟರಿಯಿಂದಲೂ ಅಳಿಸಿಹೋದವಲ್ಲ, ಯಾವುದಕ್ಕೂ ಸೇರಿಯೇ ಇರಲಿಲ್ಲ. ಅವುಗಳ ವಿಳಾಸ ಉಳಿದಿರುವುದು ಅಲ್ಲಿ ಓದಿದವರ ನೆನಪಿನಲ್ಲಿ ಮತ್ತು ಫುಟ್‌ಪಾತಿನ ಪುಸ್ತಕಗಳ ಸೀಲಿನಲ್ಲಿ.

ನಾನು ಆ ಕಾದಂಬರಿಯನ್ನು ಚೀಲದಲ್ಲಿಟ್ಟುಕೊಂಡು ಒಂದು ಭಾನುವಾರ ತುಮಕೂರಿಗೆ ಹೋದೆ. ಸೀಲಿನಲ್ಲಿದ್ದ ಬೀದಿ ಸಿಕ್ಕಿತು. ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರಿಗೆ ಪುಸ್ತಕ ತೋರಿಸಿದಾಗ ಅವರು ಕನ್ನಡಕ ಏರಿಸಿಕೊಂಡು ಸೀಲನ್ನು ಬಹಳ ಹೊತ್ತು ನೋಡಿದರು. “ಇದು ನಮ್ಮ ಎದುರುಗಡೇನೇ ಇತ್ತು ಸಾರ್. ಆ ಮೆಟ್ಟಿಲು ಇದೆಯಲ್ಲ, ಅದರ ಮೇಲೆ. ನಮ್ಮನೆಯವಳು ವಾರಕ್ಕೆ ಎರಡು ಪುಸ್ತಕ ತರೋಳು,” ಎಂದರು. ಯಾವ ವರ್ಷ ಮುಚ್ಚಿತು ಎಂದು ಕೇಳಿದರೆ ಅವರಿಗೆ ನೆನಪಾಗಲಿಲ್ಲ. ಮಗಳ ಮದುವೆಗೆ ಮುಂಚೆ ಎಂದರು, ಮದುವೆ ಆದದ್ದು 2001ರಲ್ಲಿ. ಮಾಲೀಕರ ಮನೆತನದ ಹೆಸರೇ ಲೈಬ್ರರಿಯ ಹೆಸರೂ ಆಗಿರುವುದರಿಂದ, ಆ ಮನೆಯವರನ್ನು ಹುಡುಕಿ ಕೇಳುವವರೆಗೆ ಹೆಸರನ್ನು ಇಲ್ಲಿ ಬರೆದಿಲ್ಲ. ಓಪನ್‌ಹಿಸ್ಟಾರಿಕಲ್‌ಮ್ಯಾಪ್‌ನಲ್ಲಿ ಆ ಮೆಟ್ಟಿಲಿನ ಮೇಲೆ ಒಂದು ಚುಕ್ಕೆ ಇಟ್ಟು ‘ಸರ್ಕ್ಯುಲೇಟಿಂಗ್ ಲೈಬ್ರರಿ’ ಎಂದಷ್ಟೇ ಬರೆದಿದ್ದೇನೆ. ಅಂತ್ಯದ ದಿನಾಂಕಕ್ಕೆ 1998ರ ಆಗಸ್ಟ್ ನಂತರ, 2001ಕ್ಕಿಂತ ಮೊದಲು ಎಂದು ಕೊಟ್ಟಿದ್ದೇನೆ. ಆಧಾರ ಎಂಬಲ್ಲಿ ಪುಸ್ತಕದ ಚೀಟಿಯನ್ನೂ ಎದುರಿನ ಅಂಗಡಿಯವರ ಮಾತನ್ನೂ ನಮೂದಿಸಿದ್ದೇನೆ. ಆರಂಭದ ದಿನಾಂಕದ ಜಾಗ ಇನ್ನೂ ಖಾಲಿ ಇದೆ.